ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಾನು ಓದುತ್ತಿರುವ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಕ್ಯಾಂಪ್ ರ‍್ಯಾಂಡಲ್ ಎಂಬ ಕ್ರೀಡಾಂಗಣವಿದೆ. ಅಮೆರಿಕನ್ ಫುಟ್‌ಬಾಲ್ ಪಂದ್ಯವಿರುವ ಶನಿವಾರ ಅದರಲ್ಲಿ ಸುಮಾರು 76 ಸಾವಿರ ಜನ ಕೂರುತ್ತಾರೆ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಅಧ್ಯಕ್ಷ ಪದವಿಗೆ ದಾಟಿಸಿದ ಮತಗಳು 77,744. ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಈ ಮೂರು ರಾಜ್ಯಗಳ ಗೆಲುವಿನ ಅಂತರವನ್ನು ಕೂಡಿದರೆ ಬರುವುದು ಅಷ್ಟೇ. ಆ ಸಲ ದೇಶದಲ್ಲಿ ಮತ ಹಾಕಿದವರು 13 ಕೋಟಿಗೂ ಹೆಚ್ಚು ಜನ, ಹಿಲರಿ ಕ್ಲಿಂಟನ್ ಅವರಿಗೆ ಒಟ್ಟು ಲೆಕ್ಕದಲ್ಲಿ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಿದ್ದಿತ್ತು. ಆದರೂ ಫಲಿತಾಂಶ ಹೆಚ್ಚುಕಡಿಮೆ ಒಂದು ಕ್ರೀಡಾಂಗಣದಷ್ಟು ಜನರ ಕೈಯಲ್ಲಿತ್ತು.

ನಮ್ಮ ವಿಶ್ವವಿದ್ಯಾಲಯದಲ್ಲಿ ಸುಮಾರು 50 ಸಾವಿರ ವಿದ್ಯಾರ್ಥಿಗಳಿದ್ದಾರೆ. 2016ರಲ್ಲಿ ಇಡೀ ವಿಸ್ಕಾನ್ಸಿನ್ ರಾಜ್ಯ ಯಾರ ಪಾಲಾಯಿತು ಎಂಬುದನ್ನು ತೀರ್ಮಾನಿಸಿದ ಅಂತರ ಈ ಸಂಖ್ಯೆಯ ಅರ್ಧಕ್ಕಿಂತ ಕಡಿಮೆ. 2020ರಲ್ಲಿ ಅಂತರ 20,682, 2024ರಲ್ಲಿ ಸುಮಾರು 29 ಸಾವಿರ, 2000ದಲ್ಲಂತೂ ಬರೀ 5,708. ಈ ಶತಮಾನದ ಏಳು ಅಧ್ಯಕ್ಷೀಯ ಚುನಾವಣೆಗಳಲ್ಲಿ ಐದರಲ್ಲಿ ಈ ರಾಜ್ಯದ ಅಂತರ ಶೇಕಡಾ ಒಂದನ್ನೂ ಮುಟ್ಟಿಲ್ಲ. ಹಾಗಾಗಿ ಚುನಾವಣೆಯ ವರ್ಷದ ಅಕ್ಟೋಬರ್‌ನಲ್ಲಿ ಇಲ್ಲಿಯ ಗ್ರಂಥಾಲಯದ ಮೆಟ್ಟಿಲ ಮೇಲೆ, ಬಸ್ ನಿಲ್ದಾಣದಲ್ಲಿ, ಕಾಫಿ ಅಂಗಡಿಯ ಬಾಗಿಲಲ್ಲಿ ಎಲ್ಲೆಲ್ಲೂ ಕಾರ್ಯಕರ್ತರು ಹಲಗೆ ಹಿಡಿದು ನಿಂತು ಹೋಗುವವರು ಬರುವವರನ್ನೆಲ್ಲ ಕೇಳುತ್ತಾರೆ: ನೋಂದಾಯಿಸಿದ್ದೀರಾ? ನಾನು ಈ ದೇಶದ ಪ್ರಜೆಯಲ್ಲ ಎಂದ ಕೂಡಲೇ ಅವರ ಮುಖದ ಉತ್ಸಾಹ ಮರ್ಯಾದೆಯ ನಗೆಯಾಗಿ ಬದಲಾಗುತ್ತದೆ. 2023–24ರಲ್ಲಿ ಅಮೆರಿಕದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 11 ಲಕ್ಷಕ್ಕೂ ಹೆಚ್ಚು, ಅವರಲ್ಲಿ 3 ಲಕ್ಷದ 31 ಸಾವಿರ ಜನ ಭಾರತೀಯರು. ಇಷ್ಟು ಜನರಲ್ಲಿ ಒಬ್ಬರೂ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ, ಚುನಾವಣಾ ಪ್ರಚಾರಕ್ಕೆ ಒಂದು ಡಾಲರ್ ದೇಣಿಗೆಯನ್ನೂ ಕೊಡುವಂತಿಲ್ಲ.

ಸಣ್ಣ ಅಂತರದ ಗೆಲುವು ನನಗೆ ಹೊಸದಲ್ಲ. ನಾನು ಚಾಮರಾಜನಗರ ಜಿಲ್ಲೆಯವನು. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. "ಒಂದೋಟು ಕನಪ್ಪ, ಒಂದೇ ಒಂದೋಟು" ಎಂದು ದೊಡ್ಡಪ್ಪ ಬೆರಳೆತ್ತಿ ಹೇಳುವುದನ್ನು ಕೇಳುತ್ತಲೇ ನಾವು ಬೆಳೆದೆವು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳಲ್ಲಿ ಇತ್ಯರ್ಥವಾಯಿತು. ಆದರೆ ಅಲ್ಲೆಲ್ಲ ಸಣ್ಣ ಸಂಖ್ಯೆ ಒಂದು ಕ್ಷೇತ್ರವನ್ನು ತೀರ್ಮಾನಿಸಿತ್ತು. 2000ದಲ್ಲಿ ಫ್ಲಾರಿಡಾದ ಸುಮಾರು 60 ಲಕ್ಷ ಮತಗಳ ನಡುವೆ ಜಾರ್ಜ್ ಬುಷ್ 537 ಮತಗಳ ಮುನ್ನಡೆಯಿಂದ ಅಧ್ಯಕ್ಷರಾದರು. ಅಣ್ವಸ್ತ್ರಗಳ ಕೀಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ನೇಮಕ, ಆಮೇಲೆ ಬಂದ ಇರಾಕ್ ಯುದ್ಧದ ನಿರ್ಧಾರ ಎಲ್ಲ ಆ 537ರ ಹಿಂದೆಯೇ ಹೋದವು. ಯಳಂದೂರಿನ ಸಂತೆಯ ದಿನ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಹೀಗಾಗಲು ಕಾರಣ ಎಲೆಕ್ಟೋರಲ್ ಕಾಲೇಜು. ಪ್ರತಿ ರಾಜ್ಯಕ್ಕೂ ಅದರ ಪ್ರತಿನಿಧಿ ಸಭೆಯ ಸದಸ್ಯರು ಎಷ್ಟೋ ಅಷ್ಟು, ಜೊತೆಗೆ ಸೆನೆಟರುಗಳಿಬ್ಬರ ಲೆಕ್ಕದಲ್ಲಿ ಎರಡು, ಹೀಗೆ ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳು ಸಿಗುತ್ತಾರೆ. 435 ಮತ್ತು 100, ರಾಜಧಾನಿ ವಾಷಿಂಗ್ಟನ್‌ಗೆ 3, ಒಟ್ಟು 538. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ಒಂದು ಮತ ಹೆಚ್ಚು ಪಡೆದವರಿಗೇ ರಾಜ್ಯದ ಎಲ್ಲ ಎಲೆಕ್ಟರುಗಳು. 270 ಎಂಬ ಅಂಕಿಯನ್ನು ಇಲ್ಲಿಯ ಟಿ.ವಿ. ಪರದೆಯ ಮೇಲೆ ಕಂಡಾಗಲೆಲ್ಲ ನನಗೆ ನೆನಪಾಗುವುದು ಬೇರೊಂದು ರಾಜಧಾನಿ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು 269ಕ್ಕೆ 270 ಮತಗಳಿಂದ.

ಅದೇ 269 ಅಮೆರಿಕದಲ್ಲಿ ತಂದಿಡುವ ಇಕ್ಕಟ್ಟು ಇನ್ನೂ ದೊಡ್ಡದು. 2020ರಲ್ಲಿ ಜೋ ಬೈಡನ್ 70 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆದರೆ ಆರಿಜೋನಾದ 10,457, ಜಾರ್ಜಿಯಾದ 11,779, ವಿಸ್ಕಾನ್ಸಿನ್‌ನ 20,682, ಒಟ್ಟು 42,918 ಮತಗಳ ಆ ಮುನ್ನಡೆ ಇರದೆ ಈ ಮೂರೂ ರಾಜ್ಯಗಳು ಕೈತಪ್ಪಿದ್ದರೆ ಇಬ್ಬರಿಗೂ 269 ಸಮನಾಗುತ್ತಿತ್ತು. ಆಗ ತೀರ್ಮಾನ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ಸದಸ್ಯರಿಗೆ ಒಂದೊಂದು ಮತವಲ್ಲ, ರಾಜ್ಯಕ್ಕೆ ಒಂದು ಮತ. ಕ್ಯಾಲಿಫೋರ್ನಿಯಾದ 52 ಸದಸ್ಯರು ಕೂಡಿ ಹಾಕುವುದು ಒಂದು, ವಯೋಮಿಂಗ್‌ನ ಏಕೈಕ ಸದಸ್ಯರು ಹಾಕುವುದೂ ಒಂದು.

ವಯೋಮಿಂಗ್ ಎಂದರೆ ಎಷ್ಟು? ಅದರ ವಿಸ್ತೀರ್ಣ 2.53 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ 60 ಸಾವಿರ ಹೆಚ್ಚು. ಜನ ಮಾತ್ರ 5 ಲಕ್ಷದ 77 ಸಾವಿರ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5 ಲಕ್ಷದ 54 ಸಾವಿರ. ಕರ್ನಾಟಕಕ್ಕಿಂತ ದೊಡ್ಡ ನೆಲದ ಮೇಲೆ ಕೊಡಗಿನಷ್ಟು ಜನ. ಕೊಡಗಿನವರಿಗೆ ಇಬ್ಬರು ಶಾಸಕರು, ಲೋಕಸಭೆಯಲ್ಲಿ ಮೈಸೂರಿನ ಜೊತೆ ಹಂಚಿಕೊಂಡ ಒಂದು ಸ್ಥಾನ. ವಯೋಮಿಂಗ್‌ನವರಿಗೆ ಸೆನೆಟ್‌ನಲ್ಲಿ ಇಬ್ಬರು, 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ಒಪ್ಪುವಾಗ, ಒಪ್ಪಂದವನ್ನು ಅನುಮೋದಿಸುವಾಗ, ಅಧ್ಯಕ್ಷರ ಮೇಲಿನ ಮಹಾಭಿಯೋಗದ ವಿಚಾರಣೆಯಲ್ಲಿ ವಯೋಮಿಂಗ್‌ನ ಒಬ್ಬ ಮನುಷ್ಯನ ತೂಕ ಕ್ಯಾಲಿಫೋರ್ನಿಯಾದ 68 ಜನರ ತೂಕಕ್ಕೆ ಸಮ. 1787ರಲ್ಲಿ ಸಣ್ಣ ರಾಜ್ಯಗಳನ್ನು ಒಕ್ಕೂಟದಲ್ಲಿ ಉಳಿಸಿಕೊಳ್ಳಲು ಮಾಡಿಕೊಂಡ ರಾಜಿ ಇದು. ಆಗ ಅತಿ ದೊಡ್ಡ ರಾಜ್ಯಕ್ಕೂ ಅತಿ ಸಣ್ಣ ರಾಜ್ಯಕ್ಕೂ ಇದ್ದ ಅಂತರ ಇದರ ಹತ್ತಿರಕ್ಕೂ ಬರುವಂಥದ್ದಲ್ಲ.

ಕ್ಷೇತ್ರಗಳ ಗೆರೆ ಎಳೆಯುವ ಕೈ ಎಷ್ಟು ಮಾಡಬಲ್ಲದು ಎಂಬುದಕ್ಕೆ ವಿಸ್ಕಾನ್ಸಿನ್‌ಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ಇಲ್ಲಿಯ ವಿಧಾನಸಭೆಯಲ್ಲಿ 99 ಸ್ಥಾನ. 2018ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳಿಗೆ ಬಿದ್ದ ಮತ ಸುಮಾರು ಶೇಕಡಾ 53, ಸಿಕ್ಕ ಸ್ಥಾನ 36. ಅರ್ಧಕ್ಕಿಂತ ಹೆಚ್ಚು ಮತ, ಮೂರರಲ್ಲೊಂದಕ್ಕಿಂತ ಸ್ವಲ್ಪ ಹೆಚ್ಚು ಕುರ್ಚಿ. ಆ ಪಕ್ಷದವರು ಮ್ಯಾಡಿಸನ್, ಮಿಲ್ವಾಕಿ ನಗರಗಳಲ್ಲೇ ಒತ್ತೊತ್ತಾಗಿ ವಾಸಿಸುವುದು ಅರ್ಧ ಕಾರಣ. ಉಳಿದ ಕಾರಣ, ಅಧಿಕಾರದಲ್ಲಿದ್ದ ರಿಪಬ್ಲಿಕನ್ನರು 2011ರಲ್ಲಿ ತಾವೇ ಎಳೆದುಕೊಂಡ ಕ್ಷೇತ್ರಗಳ ಗೆರೆ. 2023ರ ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ನಕ್ಷೆಗಳನ್ನು ರದ್ದು ಮಾಡಿತು. ಹೊಸ ಗೆರೆಯ ಮೇಲೆ 2024ರಲ್ಲಿ ಚುನಾವಣೆ ನಡೆದಾಗ ರಿಪಬ್ಲಿಕನ್–ಡೆಮಾಕ್ರಟಿಕ್ ಬಲಾಬಲ 54–45 ಆಯಿತು. ಜನ ಅವರೇ, ಊರು ಅವೇ. ಕಾಗದದ ಮೇಲಿನ ಗೆರೆ ಸರಿದದ್ದಕ್ಕೆ ಸಭೆಯ ಬಣ್ಣ ಇಷ್ಟು ಬದಲಾಯಿತು.

ಆ ಕೋರ್ಟಿನ ನ್ಯಾಯಮೂರ್ತಿಗಳನ್ನೂ ಜನರೇ ಚುನಾಯಿಸುತ್ತಾರೆ, ಒಬ್ಬೊಬ್ಬರನ್ನೂ ಹತ್ತು ವರ್ಷದ ಅವಧಿಗೆ. ಕರ್ನಾಟಕದಿಂದ ಬಂದವನಿಗೆ ಇದನ್ನು ಅರಗಿಸಿಕೊಳ್ಳುವುದು ಸುಲಭವಲ್ಲ. 2023ರಲ್ಲಿ ಒಂದು ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿ ಅದು ಅಮೆರಿಕದ ನ್ಯಾಯಮೂರ್ತಿ ಚುನಾವಣೆಗಳ ಇತಿಹಾಸದಲ್ಲೇ ದಾಖಲೆ ಎನಿಸಿತು. ಎರಡೇ ವರ್ಷ, 2025ರ ಏಪ್ರಿಲ್‌ನಲ್ಲಿ ಸೂಸನ್ ಕ್ರಾಫರ್ಡ್ ಮತ್ತು ಬ್ರ್ಯಾಡ್ ಶಿಮೆಲ್ ನಡುವಿನ ಸ್ಪರ್ಧೆಗೆ ಸುಮಾರು 10 ಕೋಟಿ ಡಾಲರ್ ಸುರಿಯಿತು. ಅದರಲ್ಲಿ 2 ಕೋಟಿಗೂ ಹೆಚ್ಚು ಇಲಾನ್ ಮಸ್ಕ್ ಮತ್ತು ಅವರ ಬೆಂಬಲದ ಗುಂಪುಗಳದ್ದು. ಮಸ್ಕ್ ಸ್ವತಃ ಗ್ರೀನ್ ಬೇ ಊರಿಗೆ ಬಂದು ಇಬ್ಬರು ಮತದಾರರಿಗೆ ಹತ್ತು ಹತ್ತು ಲಕ್ಷ ಡಾಲರಿನ ಚೆಕ್ ಕೊಟ್ಟರು. ಮಸ್ಕ್ ಬೆಂಬಲಿಸಿದ ಶಿಮೆಲ್ ಸೋತರು, ಕ್ರಾಫರ್ಡ್ ಸುಮಾರು ಶೇಕಡಾ ಹತ್ತರ ಅಂತರದಿಂದ ಗೆದ್ದರು. ರೂಪಾಯಿಗೆ ತಂದರೆ ಒಟ್ಟು ಖರ್ಚು ಸುಮಾರು 850 ಕೋಟಿ. ನಮ್ಮಲ್ಲಿ ಲೋಕಸಭಾ ಅಭ್ಯರ್ಥಿಗೆ ಇರುವ ಮಿತಿ 95 ಲಕ್ಷ. ಒಬ್ಬ ನ್ಯಾಯಮೂರ್ತಿಯ ಕುರ್ಚಿಗೆ ಇಲ್ಲಿ ಹರಿದ ಹಣದಲ್ಲಿ ಅಲ್ಲಿ ಸುಮಾರು 900 ಅಭ್ಯರ್ಥಿಗಳು ಮಿತಿಯವರೆಗೂ ಖರ್ಚು ಮಾಡಬಹುದು. ಪಕ್ಷಗಳ ಖರ್ಚಿಗೆ ನಮ್ಮಲ್ಲೂ ಮಿತಿಯಿಲ್ಲ, ಅಭ್ಯರ್ಥಿಯ ಮಿತಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಎಂಬುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆದರೂ ಮಿತಿಯೊಂದು ಕಾನೂನಿನಲ್ಲಿ ಇರುವುದಕ್ಕೂ, ಅಂಥ ಮಿತಿಯೇ ಸಂವಿಧಾನಕ್ಕೆ ವಿರುದ್ಧ ಎಂದು 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿರುವುದಕ್ಕೂ ವ್ಯತ್ಯಾಸವಿದೆ ಎಂದೇ ನನ್ನ ನಂಬಿಕೆ.

ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟಿನ ಮುಂದೆ ಬಂದ ಇನ್ನೊಂದು ಸಂಖ್ಯೆಯನ್ನು ಹೇಳದೆ ಮುಂದೆ ಹೋಗಲಾರೆ. ವಿಸ್ಕಾನ್ಸಿನ್ ರಾಜ್ಯಪಾಲರಿಗೆ ಬಜೆಟ್ ಮಸೂದೆಯಿಂದ ಪದ, ಅಂಕಿಗಳನ್ನು ಹೊಡೆದುಹಾಕುವ ಅಧಿಕಾರವಿದೆ. 2023ರಲ್ಲಿ ಶಾಲೆಗಳಿಗೆ ವರ್ಷಕ್ಕೆ ಮಗುವೊಂದಕ್ಕೆ 325 ಡಾಲರ್ ಹೆಚ್ಚು ಆದಾಯ ಪಡೆಯಲು "2024–25"ರವರೆಗೆ ಅವಕಾಶ ಎಂದು ಮಸೂದೆಯಲ್ಲಿತ್ತು. ರಾಜ್ಯಪಾಲ ಟೋನಿ ಎವರ್ಸ್ ಮೊದಲಿನ 20 ಮತ್ತು ನಡುವಿನ ಅಡ್ಡಗೆರೆಯನ್ನು ಹೊಡೆದರು. ಉಳಿದದ್ದು 2425. ಎರಡು ವರ್ಷದ ಸವಲತ್ತು ನಾಲ್ಕು ಶತಮಾನಗಳದ್ದಾಯಿತು. 2025ರಲ್ಲಿ ಕೋರ್ಟು ಅದನ್ನು 4–3ರಲ್ಲಿ ಎತ್ತಿಹಿಡಿಯಿತು. ಎವರ್ಸ್ ಶಾಲಾ ಮೇಷ್ಟರಾಗಿದ್ದವರು, ಅವರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೂರು ಗುರುತು ಅಳಿಸಿ 400 ವರ್ಷ ಬರೆಯಬಹುದಾದ ಅಧಿಕಾರ ಒಬ್ಬರ ಕೈಯಲ್ಲಿರುವುದು ಭಯ ಹುಟ್ಟಿಸುತ್ತದೆ.

ಚುನಾಯಿಸುವ ಹುಚ್ಚು ನ್ಯಾಯಮೂರ್ತಿಗಳಿಗೇ ನಿಲ್ಲುವುದಿಲ್ಲ. ಮ್ಯಾಡಿಸನ್ ಇರುವ ಡೇನ್ ಕೌಂಟಿಯಲ್ಲಿ ಶೆರಿಫ್, ಖಜಾಂಚಿ, ಸರ್ಕಾರಿ ವಕೀಲ, ಜಮೀನಿನ ಪತ್ರ ನೋಂದಾಯಿಸುವ ಅಧಿಕಾರಿ ಎಲ್ಲರೂ ಮತ ಕೇಳಿ ಬಂದವರು. ಸಬ್ ರಿಜಿಸ್ಟ್ರಾರ್ ಒಬ್ಬರು ಮನೆ ಬಾಗಿಲಿಗೆ ಬಂದು ಕೈಮುಗಿಯುವುದನ್ನು ಊಹಿಸಿಕೊಳ್ಳಿ. 1992ರ ಸರ್ಕಾರಿ ಗಣತಿಯ ಪ್ರಕಾರ ಅಮೆರಿಕದಲ್ಲಿ ಚುನಾಯಿತರು 5 ಲಕ್ಷದ 13 ಸಾವಿರ, ಅಂದರೆ ಸುಮಾರು 500 ಜನರಿಗೆ ಒಬ್ಬರು. ಸಹಪಾಠಿಯೊಬ್ಬಳು ಇದನ್ನು ಹೆಮ್ಮೆಯಿಂದ ಹೇಳಿದಾಗ ನಾನು ನಮ್ಮ ಪಂಚಾಯಿತಿಗಳ ಲೆಕ್ಕ ಕೊಟ್ಟೆ. ಭಾರತದಲ್ಲಿ ಪಂಚಾಯಿತಿ ಸದಸ್ಯರೇ 30 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಸುಮಾರು 14 ಲಕ್ಷ ಹೆಂಗಸರು. 140 ಕೋಟಿಯನ್ನು ಭಾಗಿಸಿದರೆ ಅದೂ ಸುಮಾರು 500 ಜನರಿಗೆ ಒಬ್ಬರ ಹತ್ತಿರವೇ ಬರುತ್ತದೆ. ಅವಳು ಫೋನ್ ತೆಗೆದು ತಾನೇ ಭಾಗಿಸಿ ನೋಡಿದಳು. ಅಮೆರಿಕದ ಇಡೀ ಚುನಾಯಿತ ವರ್ಗದ ಎರಡೂವರೆ ಪಟ್ಟಿಗಿಂತ ಹೆಚ್ಚು ಹೆಂಗಸರು ನಮ್ಮ ಹಳ್ಳಿಗಳ ಪಂಚಾಯಿತಿ ಸಭೆಗಳಲ್ಲಿ ಕೂರುತ್ತಾರೆ ಎಂಬುದು ನನಗೂ ಅವತ್ತೇ ಸರಿಯಾಗಿ ಎದೆಗೆ ನಾಟಿದ್ದು.

ನನ್ನಂಥವರು ಇದರಲ್ಲೆಲ್ಲ ಎಲ್ಲಿ ನಿಲ್ಲುತ್ತೇವೆ? ಮತವಿಲ್ಲ, ಸರಿ. ಆದರೆ ನಾವು ಎಣಿಕೆಗೆ ಸಿಗುತ್ತೇವೆ. ಹತ್ತು ವರ್ಷಕ್ಕೊಮ್ಮೆ ಏಪ್ರಿಲ್ 1ರ ಲೆಕ್ಕದಲ್ಲಿ ನಡೆಯುವ ಅಮೆರಿಕದ ಜನಗಣತಿ ಇಲ್ಲಿ ವಾಸವಿರುವ ಎಲ್ಲರನ್ನೂ ಎಣಿಸುತ್ತದೆ, ವಿದೇಶಿ ವಿದ್ಯಾರ್ಥಿಗಳನ್ನೂ ಸೇರಿಸಿ. ಆ ಎಣಿಕೆಯ ಮೇಲೆ 435 ಸ್ಥಾನಗಳು ರಾಜ್ಯಗಳಿಗೆ ಹಂಚಿಕೆಯಾಗುತ್ತವೆ, ಅದರ ಮೇಲೆ ಎಲೆಕ್ಟರುಗಳ ಸಂಖ್ಯೆ ನಿಲ್ಲುತ್ತದೆ. ಈ ನಿಯಮಕ್ಕೆ ರಕ್ತಸಿಕ್ತ ಚರಿತ್ರೆಯಿದೆ. 1787ರ ಸಂವಿಧಾನ ಗುಲಾಮರನ್ನು ಐದರಲ್ಲಿ ಮೂರು ಪಾಲು ಮನುಷ್ಯರೆಂದು ಎಣಿಸಿ, ಅವರ ಒಡೆಯರ ರಾಜ್ಯಗಳಿಗೆ ಹೆಚ್ಚು ಸ್ಥಾನ ಕೊಟ್ಟಿತ್ತು. ಅಂತರ್ಯುದ್ಧ ಮುಗಿದು 1868ರಲ್ಲಿ 14ನೇ ತಿದ್ದುಪಡಿ ಬಂದ ಮೇಲೆ ಗುಲಾಮರಾಗಿದ್ದವರೂ ಪೂರ್ತಿ ಒಬ್ಬೊಬ್ಬರೆಂದೇ ಎಣಿಕೆಯಾಗತೊಡಗಿದರು. ಇನ್ನೊಂದು ವಿಷಯ, ವಿಸ್ಕಾನ್ಸಿನ್‌ನ 1848ರ ಸಂವಿಧಾನದಲ್ಲಿ ಪ್ರಜೆಯಾಗುವ ಇರಾದೆಯನ್ನು ಬರೆದುಕೊಟ್ಟ ಬಿಳಿಯ ವಲಸಿಗ ಗಂಡಸರಿಗೆ ಮತದ ಹಕ್ಕಿತ್ತು. ಜರ್ಮನಿ, ನಾರ್ವೆಗಳಿಂದ ಬಂದವರು ಪ್ರಜೆಗಳಾಗುವ ಮೊದಲೇ ಇಲ್ಲಿ ಮತ ಹಾಕಿದ್ದಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದು ನಿಂತಿತು.

2021ರ ಏಪ್ರಿಲ್‌ನಲ್ಲಿ ಜನಗಣತಿಯ ಫಲಿತಾಂಶ ಹೊರಬಿದ್ದಾಗ ನ್ಯೂಯಾರ್ಕ್ ಒಂದು ಸ್ಥಾನ ಕಳೆದುಕೊಂಡು 27ರಿಂದ 26ಕ್ಕೆ ಇಳಿಯಿತು. ಆ ಕೊನೆಯ ಸ್ಥಾನ ಮಿನೆಸೋಟಾದ ಬಳಿ ಉಳಿಯಿತು. ಉಳಿದ ರಾಜ್ಯಗಳ ಲೆಕ್ಕ ಹಾಗೇ ಇದ್ದು, ನ್ಯೂಯಾರ್ಕ್ ಎಣಿಕೆಯಲ್ಲಿ ಇನ್ನು 89 ಜನ ಹೆಚ್ಚು ಸಿಕ್ಕಿದ್ದರೆ ಅದು ಉಳಿಯುತ್ತಿತ್ತು. ಎರಡು ಕೋಟಿಗೂ ಹೆಚ್ಚು ಜನರ ರಾಜ್ಯದಲ್ಲಿ 89. ಆ ರಾಜ್ಯದಲ್ಲಿ ವಿದೇಶಿ ವಿದ್ಯಾರ್ಥಿಗಳೇ ಲಕ್ಷಕ್ಕೂ ಹೆಚ್ಚು. ಎಣಿಕೆಯ ದಿನವಾದ 2020ರ ಏಪ್ರಿಲ್ 1ರಂದು ನ್ಯೂಯಾರ್ಕ್ ಕೊರೊನಾದ ಕೇಂದ್ರವಾಗಿತ್ತು, ವಿದ್ಯಾರ್ಥಿನಿಲಯಗಳು ಖಾಲಿಯಾಗುತ್ತಿದ್ದವು. ಎಂ.ಎಸ್. ತರಗತಿಯೊಂದರ ವಿದೇಶಿ ಮಕ್ಕಳಷ್ಟೇ ಇರಬಹುದಾದ ಒಂದು ಸಂಖ್ಯೆ ಹತ್ತು ವರ್ಷಕ್ಕೆ ಒಂದು ಸಂಸತ್ ಸ್ಥಾನವನ್ನೂ ಒಬ್ಬ ಎಲೆಕ್ಟರನ್ನೂ ರಾಜ್ಯದಿಂದ ರಾಜ್ಯಕ್ಕೆ ಸರಿಸಿತು. ಮತ ಹಾಕಲು ಬಾರದವರ ತಲೆಗೂ ಇಷ್ಟು ತೂಕವಿದೆ ಎಂದು ತಿಳಿದ ಮೇಲೆ ಇಲ್ಲಿಯ ರಾಜಕೀಯವನ್ನು ಪರರ ಮನೆಯ ಜಗಳದಂತೆ ನೋಡುವುದು ನನ್ನಿಂದಾಗುತ್ತಿಲ್ಲ.

ತವರಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ನನಗೆ ಮತವಿದೆ, ಆದರೆ ಹಾಕಲು ವಿಮಾನ ಹತ್ತಿ ಮತಗಟ್ಟೆಗೇ ಹೋಗಬೇಕು. ಹೊರದೇಶಗಳಲ್ಲಿ ಇರುವ ಭಾರತೀಯ ಪ್ರಜೆಗಳು ಒಂದೂವರೆ ಕೋಟಿ. 2024ರ ಲೋಕಸಭಾ ಚುನಾವಣೆಗೆ ಹೆಸರು ನೋಂದಾಯಿಸಿದ್ದವರು 1 ಲಕ್ಷದ 19 ಸಾವಿರಕ್ಕೂ ಹೆಚ್ಚು, ಬಂದು ಮತ ಹಾಕಿದವರು 2,958.

ಸ್ಥಾನಗಳ ಹಂಚಿಕೆಯ ಮಾತಿಗೆ ಮರಳಿದರೆ, ಅಮೆರಿಕದ ಪ್ರತಿನಿಧಿ ಸಭೆ 435ಕ್ಕೆ ನಿಂತದ್ದು 1911ರ ಕಾನೂನಿನಿಂದ. ಆಗ ದೇಶದ ಜನಸಂಖ್ಯೆ 9.2 ಕೋಟಿ, 2020ರ ಜನಗಣತಿಯಲ್ಲಿ 33 ಕೋಟಿ. ಒಬ್ಬ ಸದಸ್ಯನ ಪಾಲಿಗೆ ಆಗ 2.1 ಲಕ್ಷ ಜನ, ಈಗ 7.6 ಲಕ್ಷ. ನಮ್ಮ ಲೋಕಸಭೆಯ ಸ್ಥಾನ ಹಂಚಿಕೆ 1971ರ ಜನಗಣತಿಗೆ ನಿಂತಿದೆ. ಆಗ ನಾವು 54.8 ಕೋಟಿ. 1976ರ 42ನೇ ತಿದ್ದುಪಡಿ ಹಂಚಿಕೆಯನ್ನು ಹೆಪ್ಪುಗಟ್ಟಿಸಿತು, 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಆ ಜನಗಣತಿಗೆ 2027ರ ಮಾರ್ಚ್ 1 ಎಂದು ದಿನವೂ ಗೊತ್ತಾಗಿದೆ.

ನಮ್ಮ ಪ್ರಯೋಗಾಲಯದಲ್ಲಿ ಕಾನ್ಪುರದ ಗೆಳೆಯನಿದ್ದಾನೆ. ವಯೋಮಿಂಗ್‌ನ ಅನ್ಯಾಯದ ಬಗ್ಗೆ ನಾನು ಒಂದು ಸಂಜೆ ಏರುದನಿಯಲ್ಲಿ ಮಾತಾಡುತ್ತಿದ್ದಾಗ ಅವನು ಸುಮ್ಮನೆ ಕೇಳಿ, ಕೊನೆಗೆ 2011ರ ಅಂಕಿಗಳನ್ನು ಮುಂದಿಟ್ಟ. ಉತ್ತರ ಪ್ರದೇಶದಲ್ಲಿ 25 ಲಕ್ಷ ಜನಕ್ಕೆ ಒಬ್ಬ ಸಂಸದ, ರಾಜಸ್ಥಾನದಲ್ಲಿ 27.4 ಲಕ್ಷಕ್ಕೆ, ಕರ್ನಾಟಕದಲ್ಲಿ 21.8 ಲಕ್ಷಕ್ಕೆ, ಕೇರಳದಲ್ಲಿ 16.7 ಲಕ್ಷಕ್ಕೆ. ಕ್ಯಾಲಿಫೋರ್ನಿಯಾದವನ ದೂರು ನ್ಯಾಯವಾದರೆ ನನ್ನ ದೂರು ಯಾಕಲ್ಲ ಎಂಬುದು ಅವನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಜನರ ತಲೆ ಎಣಿಸಿ ಎನ್ನುವವನು ಅಲ್ಲಿ ರಾಜ್ಯದ ಪಾಲು ಉಳಿಸಿ ಎನ್ನಬೇಕಾದರೆ ಉತ್ತರ ಗಟ್ಟಿಯಾಗಿರಬೇಕು. ನನ್ನ ಉತ್ತರ ಇದು: ವಯೋಮಿಂಗ್‌ನ ತೂಕ ಬಂದದ್ದು ಖಾಲಿ ನೆಲದಿಂದ. ದಕ್ಷಿಣದ ರಾಜ್ಯಗಳ ಜನಸಂಖ್ಯೆ ನಿಧಾನವಾದದ್ದು ಹೆಣ್ಣುಮಕ್ಕಳನ್ನು ಓದಿಸಿದ್ದರಿಂದ, ಹಳ್ಳಿಗೆ ಆಸ್ಪತ್ರೆ ತಂದದ್ದರಿಂದ, ದೆಹಲಿಯೇ ಕೇಳಿದ್ದ ಕುಟುಂಬ ಯೋಜನೆಯನ್ನು ನಡೆಸಿಕೊಟ್ಟಿದ್ದರಿಂದ. ಅದಕ್ಕೆ ಸಂಸತ್ತಿನ ಕುರ್ಚಿ ಕಿತ್ತುಕೊಳ್ಳುವುದು ದಂಡ ಹಾಕಿದಂತೆ. ಮತ್ತೆ, ಈ ರಾಜ್ಯಗಳ ನಡುವೆ ನಮ್ಮಲ್ಲಿರುವ ಅಂತರ 1.6 ಪಟ್ಟು, ಸೆನೆಟ್‌ನಲ್ಲಿರುವುದು 68 ಪಟ್ಟು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು.

ಹಾಗಂತ ಅವನ 25 ಲಕ್ಷ ಸುಳ್ಳಾಗುವುದಿಲ್ಲ. ಇಬ್ಬರೂ ಕೂತು 543 ಸ್ಥಾನಗಳನ್ನು 2011ರ ಜನಸಂಖ್ಯೆಯಂತೆ ಹಂಚಿ ನೋಡಿದೆವು. ಉತ್ತರ ಪ್ರದೇಶ 80ರಿಂದ ಸುಮಾರು 90ಕ್ಕೆ ಏರುತ್ತದೆ, ಬಿಹಾರ 40ರಿಂದ 47ಕ್ಕೆ. ತಮಿಳುನಾಡು 39ರಿಂದ 32ಕ್ಕೆ ಇಳಿಯುತ್ತದೆ, ಕೇರಳ 20ರಿಂದ 15ಕ್ಕೆ. ಕರ್ನಾಟಕ 28ರಿಂದ 27ಕ್ಕೆ. ನಮಗೆ ಹೋಗುವುದು ಒಂದೇ ಎಂದು ಸಮಾಧಾನಪಡಲು ನನಗೆ ಮನಸ್ಸಾಗಲಿಲ್ಲ, ಪಕ್ಕದವರಿಗೆ ಹೋಗುವುದು ಐದು, ಏಳು. ಆಮೇಲೆ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ಹಾಕಿರುವ 888 ಆಸನಗಳನ್ನು ತೆಗೆದುಕೊಂಡೆವು. ಈಗಿನ ಪಾಲಿನ ಪ್ರಕಾರ ಕರ್ನಾಟಕಕ್ಕೆ 46, ಜನಸಂಖ್ಯೆಯ ಪ್ರಕಾರ 45. ಕೇರಳಕ್ಕೆ ಮೊದಲ ಲೆಕ್ಕದಲ್ಲಿ 33, ಎರಡನೆಯದರಲ್ಲಿ 24 ಅಥವಾ 25. ದಕ್ಷಿಣದ ಯಾವ ರಾಜ್ಯದ ಕುರ್ಚಿಯೂ ಕಡಿಮೆಯಾಗುವುದಿಲ್ಲ, ಆದರೂ ಕೇರಳದ ದನಿ ಕುಗ್ಗುತ್ತದೆ. ಲೋಕಸಭೆ ತಲೆಯೆಣಿಕೆಯಂತೆ ಇರಲಿ, ರಾಜ್ಯಸಭೆಯಲ್ಲಿ ರಾಜ್ಯಗಳಿಗೆ ಇನ್ನಷ್ಟು ಸಮಾನ ಪಾಲು ಸಿಗಲಿ ಎಂದು ಅವನು. ಈಗ ಅಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಗೋವಾಕ್ಕೆ 1. ಹಣದ ಮಸೂದೆಯನ್ನು ತಡೆಯುವ ಶಕ್ತಿಯೇ ಇಲ್ಲದ ಸಭೆಯಲ್ಲಿ ಸಮಾನ ಪಾಲು ಸಿಕ್ಕಿ ಏನು ಬಂತು ಎಂದು ನಾನು. ಆ ಶಕ್ತಿಯನ್ನು ಎಷ್ಟು ಕೊಡಬಹುದು, ಸೆನೆಟ್‌ನಂತೆ 68 ಪಟ್ಟಿನವರೆಗೆ ಹೋಗದ ಹಾಗೆ ಗೋವಾಕ್ಕೆ ಎಷ್ಟು ಕೊಡಬಹುದು ಎಂಬಲ್ಲಿಗೆ ನಮ್ಮ ವಾದ ಬಂದು ನಿಂತಿದೆ. ರಾಜ್ಯವಾರು ಅಂಕಿಗಳ ಪಟ್ಟಿಯನ್ನು ಅವನು ತಯಾರಿಸುತ್ತಿದ್ದಾನೆ.